ನಾಳೆ ಬಾ ಮೀಮಾಂಸೆ: ಪೀಣ್ಯ ಪ್ರಾಂತ್ಯದ ಬಾಕಿ ವಸೂಲಿಯ ಕುರಿತು

1990ರ ಆಸುಪಾಸಿನಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ಎರಡೇ ಪದದ ಒಂದು ಶಾಸನವಿತ್ತು: ‘ನಾಳೆ ಬಾ’. ರಾತ್ರಿ ಹೊತ್ತು ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವವೊಂದು ಬೀದಿ ಸುತ್ತುತ್ತದೆ, ಬಾಗಿಲ ಮೇಲೆ ಹೀಗೆ ಬರೆದಿದ್ದರೆ ಓದಿಕೊಂಡು ಹೊರಟುಹೋಗುತ್ತದೆ, ಮಾರನೆಯ ದಿನವೂ ಅದೇ ಬರಹ ಕಂಡು ಮತ್ತೆ ಹಿಂದಿರುಗುತ್ತದೆ ಎಂಬುದು ಪ್ರತೀತಿ. ಈ ಶಾಸನದ ಲಿಪಿಯ ಬಗ್ಗೆ, ಕಾಲದ ಬಗ್ಗೆ ವಿವಾದವಿಲ್ಲ. ವಿವಾದ ಇರುವುದು ದೆವ್ವದ ಬಗ್ಗೆ. ಅದಕ್ಕೆ ಕನ್ನಡ ಓದಲು ಬರುತ್ತಿತ್ತು, ಬರೆದದ್ದನ್ನು ನಂಬುತ್ತಿತ್ತು, ಬಾಗಿಲು ಒದೆಯುತ್ತಿರಲಿಲ್ಲ, ನಾಳೆ ಎಂದರೆ ನಾಳೆಯೇ ಬರುತ್ತಿತ್ತು. ಇಷ್ಟು ಮರ್ಯಾದೆ ದೆವ್ವಗಳಲ್ಲಿ ಕಾಣುವುದಿಲ್ಲ. ಆದ್ದರಿಂದ ಅದು ದೆವ್ವವಲ್ಲ, ಚಕ್ಕುಲಿಯ ಬಾಕಿ ಕೇಳಲು ಬಂದ ಹೆಣ್ಣುಮಗಳು ಎಂಬುದು ಈ ಪ್ರಬಂಧದ ಪ್ರತಿಪಾದನೆ.

ನನ್ನ ಮುಖ್ಯ ಆಕರ ಒಂದೇ ಹಸ್ತಪ್ರತಿ. ಪೀಣ್ಯದ ಪಕ್ಕದ ಲಗ್ಗೆರೆಯಲ್ಲಿ ನಮ್ಮ ಅತ್ತಿಗೆ ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ರವೆ ಉಂಡೆ, ಹೋಳಿಗೆ ಮಾಡಿ ಮಾರುತ್ತಾರೆ. ಅವರ ಲೆಕ್ಕದ ಪುಸ್ತಕವೇ ಈ ಪ್ರತಿ. 200 ಪುಟ, ಗೆರೆ ಕಾಗದ, ಅಂಚೆಲ್ಲ ಎಣ್ಣೆ. 23ನೇ ಪುಟ ಬೆಲ್ಲದ ಪಾಕದಿಂದ 24ಕ್ಕೆ ಅಂಟಿಕೊಂಡಿದ್ದು, ಇಡ್ಲಿ ಪಾತ್ರೆಯ ಹಬೆ ಹಿಡಿದು ಬಿಡಿಸಬೇಕಾಯಿತು. ಲಿಪಿಕಾರರು ಇಬ್ಬರು: ಅತ್ತಿಗೆ, ಮತ್ತು ಅತ್ತಿಗೆಯ ಕೈ ಹಿಟ್ಟಾಗಿದ್ದಾಗ ಮಗಳು. 29ನೇ ಪುಟದ ಮೂಲಪಾಠ ಹೀಗಿದೆ: ‘ಪೌಡರ್ ಕೋಟಿಂಗ್. ಆಯುಧಪೂಜೆ. 300 ಬಾಕ್ಸ್. 33,000. ಅಡ್ವಾನ್ಸ್ 5,000. ಚೆಕ್ 28,000. ಸೋಮವಾರ.’ ‘ಸೋಮವಾರ’ಕ್ಕೆ ಗೀಟು ಹೊಡೆದು ‘ಮುಂದಿನ ಸೋಮ’. ಅದಕ್ಕೂ ಗೀಟು ಹೊಡೆದು ‘ದೀಪಾವಳಿ ಆದ್ಮೇಲೆ’. ಅದರ ಮುಂದೆ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಇವನ್ನು ಪಾಠಾಂತರಗಳೆಂದು ಭಾವಿಸಿ ನಾನು ಒಂದು ವಾರ ಕಳೆದೆ. ಅವು ಕಾಲಾಂತರಗಳು.

ಸಂದರ್ಭ ಗೊತ್ತಿಲ್ಲದವರಿಗೆ ಒಂದು ಮಾತು. ಪೀಣ್ಯದಲ್ಲಿ ವರ್ಷಕ್ಕೊಮ್ಮೆ ಯಂತ್ರಗಳಿಗೂ ಹಬ್ಬ. ಲೇತು, ಪ್ರೆಸ್ಸು, ಸಿಎನ್‌ಸಿ ಎಲ್ಲಕ್ಕೂ ಅರಿಶಿನ ಕುಂಕುಮ, ಶೆಡ್ಡಿನ ಬಾಗಿಲಿಗೆ ಬಾಳೆಕಂದು, ರಸ್ತೆ ತುಂಬ ಒಡೆದ ಬೂದುಗುಂಬಳ, ಕೆಲಸದವರ ಕೈಗೊಂದು ಸ್ವೀಟ್ ಬಾಕ್ಸ್. ಆ ಬಾಕ್ಸಿನೊಳಗಿನದು ಎಷ್ಟೋ ಸಲ ಸುತ್ತಲಿನ ಬಡಾವಣೆಗಳ ಅಡುಗೆಮನೆಯಿಂದ ಬಂದಿರುತ್ತದೆ. ಅತ್ತಿಗೆ ನಾಲ್ಕು ರಾತ್ರಿ ನಿದ್ದೆಗೆಟ್ಟು 300 ಬಾಕ್ಸ್ ತುಂಬಿ ಪೌಡರ್ ಕೋಟಿಂಗ್ ಯೂನಿಟ್ಟಿಗೆ ಕಳಿಸಿದರು. ಮುಂದಿನ ತಾರೀಖು ಹಾಕಿದ ಚೆಕ್ಕು ಬಂತು. ತಾರೀಖಿನ ದಿನ ಬ್ಯಾಂಕಿಗೆ ಹೋಯಿತು, ಎರಡು ದಿನಕ್ಕೆ ವಾಪಸ್ ಬಂತು, ಜೊತೆಗೊಂದು ಚೀಟಿ: ‘ಫಂಡ್ಸ್ ಇನ್‌ಸಫಿಶಿಯಂಟ್’. ಚೆಕ್ಕು ವಾಪಸಾದ ತಪ್ಪಿಗೆ ಅತ್ತಿಗೆಯ ಖಾತೆಯಿಂದಲೇ ಶುಲ್ಕ, ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಇಲಿಯು ಕೋಲನ್ನೇ ತಿಂದಿತೆಂದರೆ ಕೋಲಿಗೆ ಸಿಕ್ಕಿಸಿದ್ದ ಅಪೂಪದ, ಅಂದರೆ ಕಜ್ಜಾಯದ, ಗತಿ ಹೇಳಬೇಕೆ ಎಂಬ ದಂಡಾಪೂಪ ನ್ಯಾಯವನ್ನು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಇಲ್ಲಿ ಅಪೂಪ ಮೊದಲು ಹೋಯಿತು, ಕೋಲು ಆಮೇಲೆ ಹೋಯಿತು, ಕೊನೆಗೆ ಇಲಿ ತಿಂದ ಬಾಬ್ತು ಬಿಲ್ ಬಂತು. ಈ ಮೂರನೆಯ ಹಂತ ಹಳೆಯ ತರ್ಕಗ್ರಂಥಗಳಲ್ಲಿ ನನಗೆ ಸಿಗಲಿಲ್ಲ.

ಈಗ ಶಾಸನ ವಿಚಾರ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಬೇಗೂರಿದೆ. ಅಲ್ಲಿನ ನಾಗೇಶ್ವರ ಗುಡಿಯಲ್ಲಿ ಸಿಕ್ಕ ಗಂಗರ ಕಾಲದ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರಿದೆ. ಕಲ್ಲಿಗೆ ಸುಮಾರು 1,100 ವರ್ಷ. ಚೆಕ್ಕಿನ ಆಯಸ್ಸು ಮೂರು ತಿಂಗಳು. 2012ರ ಏಪ್ರಿಲ್ 1ಕ್ಕೆ ಮುಂಚೆ ಆರು ತಿಂಗಳಿತ್ತು, ರಿಸರ್ವ್ ಬ್ಯಾಂಕ್ ಅದನ್ನು ಅರ್ಧಕ್ಕೆ ಇಳಿಸಿತು. ಕಲ್ಲಿನಿಂದ ಕಾಗದಕ್ಕೆ ಬರುವ ಹೊತ್ತಿಗೆ ಮಾತಿನ ಬಾಳಿಕೆ ಹೇಗೆ ಕುಸಿಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನೂ ಗಹನವಾದದ್ದು ಶಾಪಾಶಯದ ವ್ಯತ್ಯಾಸ. ದತ್ತಿ ಬಿಟ್ಟದ್ದನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ನಮ್ಮ ದಾನಶಾಸನಗಳು ಕೊನೆಯಲ್ಲಿ ಬೆದರಿಸುತ್ತವೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಹೇಳುವುದು ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಅರವತ್ತು ಸಾವಿರದಿಂದ ಎರಡಕ್ಕೆ ಇಳಿಸಿದ ಈ ಉದಾರತೆಯೂ ಆರಂಭದಿಂದ ಇದ್ದದ್ದಲ್ಲ. 1989ರ ಏಪ್ರಿಲ್ 1ರವರೆಗೆ ಆ ಕಲಮೇ ಇರಲಿಲ್ಲ. ಬಂದಾಗ ಜೈಲು ಒಂದೇ ವರ್ಷದ್ದಿತ್ತು.

138ನೆಯದನ್ನು ಕಲಂ ಎನ್ನುವುದಕ್ಕಿಂತ ವ್ರತ ಎನ್ನುವುದು ಸರಿ. ಚೀಟಿ ಕೈಗೆ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ ಮೇಲೆ ಅವನಿಗೆ 15 ದಿನದ ಅವಕಾಶ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು. ಒಂದು ದಿನ ತಪ್ಪಿದರೆ ವ್ರತಭಂಗ. ತಪ್ಪಿದ್ದು ಯಾಕೆಂದು ನ್ಯಾಯಾಧೀಶರಿಗೆ ಮನವರಿಕೆ ಮಾಡುವುದೇ ಬೇರೊಂದು ವ್ರತ. ಬಾಗಿಲು ಹಾಕಿತ್ತೆಂದು ನೋಟಿಸ್ ವಾಪಸ್ ಬಂದರೂ ವಿಳಾಸ ಸರಿಯಿದ್ದರೆ ಮುಟ್ಟಿದಂತೆಯೇ ಲೆಕ್ಕ. ಖಾತೆ ಮುಚ್ಚಿಬಿಟ್ಟೆ, ಪೇಮೆಂಟ್ ನಿಲ್ಲಿಸಲು ಹೇಳಿದ್ದೆ, ಸಹಿ ಹೊಂದಲಿಲ್ಲ ಎಂಬ ಮೂರೂ ಜಾಣತನಗಳನ್ನು ಸುಪ್ರೀಂ ಕೋರ್ಟ್ ಒಂದೊಂದಾಗಿ ಇದೇ ಕಲಮಿನ ಬುಟ್ಟಿಗೆ ಹಾಕಿದೆ. 2014ರಲ್ಲಿ ಮಾತ್ರ ಒಂದು ಸಂಕಟ ಬಂದಿತ್ತು: ಚೆಕ್ ಕೊಟ್ಟವನ ಬ್ಯಾಂಕ್ ಎಲ್ಲಿದೆಯೋ ಅಲ್ಲಿಯೇ ಮೊಕದ್ದಮೆ ಹೂಡಬೇಕೆಂದು ತೀರ್ಪಾಯಿತು. ಅಂದರೆ ಚೆಕ್ಕು ಹೊಸೂರಿನ ಶಾಖೆಯದಾಗಿದ್ದರೆ ಲಗ್ಗೆರೆಯವರು ಸಿಲ್ಕ್ ಬೋರ್ಡ್ ದಾಟಿ, ಬೊಮ್ಮಸಂದ್ರ ದಾಟಿ, ರಾಜ್ಯದ ಗಡಿಯನ್ನೂ ದಾಟಬೇಕು. ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಹೋದದ್ದೇ 2025ರ ಆಗಸ್ಟಿನಲ್ಲಿ. ಸಂಸತ್ತು ಅಷ್ಟು ಕಾಯದೆ 2015ರಲ್ಲೇ ತಿದ್ದುಪಡಿ ತಂದು, ಹಣ ಬರಬೇಕಾದವರ ಬ್ಯಾಂಕ್ ಇರುವ ಊರೇ ಸಾಕೆಂದಿತು.

ಇಷ್ಟೆಲ್ಲ ಅತ್ತಿಗೆಯ ಪರವಾಗಿಯೇ ಇದೆ. ಹಾಗಾದರೆ ಅಡ್ಡಿ ಏನು ಎಂದು ಪೂರ್ವಪಕ್ಷದವರು ಕೇಳಬಹುದು. ರಾಣೆಬೆನ್ನೂರಿನಲ್ಲಿ ಮನೆ ಕಟ್ಟುವ ಸಂಬಂಧದಿಂದ ಹುಟ್ಟಿದ 45,000 ರೂಪಾಯಿಯ ಚೆಕ್ಕೊಂದರ ವ್ಯಾಜ್ಯವನ್ನು ನೋಡಬೇಕು. ಚೆಕ್ಕು ಕಳೆದುಹೋಗಿತ್ತು ಎಂಬುದು ಕೊಟ್ಟವರ ವಾದ. ಕೆಳಗಿನ ಕೋರ್ಟು ಬಿಡುಗಡೆ ಮಾಡಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಹಿ ಒಪ್ಪಿಕೊಂಡ ಮೇಲೆ ಸಾಲ ಇತ್ತೆಂದೇ ಭಾವಿಸಬೇಕು, ಇಲ್ಲವೆಂದು ತೋರಿಸುವ ಹೊಣೆ ಚೆಕ್ ಕೊಟ್ಟವನದು ಎಂದು ದೇಶಕ್ಕೇ ಮೇಲ್ಪಂಕ್ತಿಯಾದ ತೀರ್ಪು ಅದು. ಚೆಕ್ಕಿನ ಮೇಲಿನ ವರ್ಷ 2001. ತೀರ್ಪಿನ ವರ್ಷ 2010. ವಿಚಾರಣೆ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. 2019ರ ಕೊನೆಗೆ ದೇಶದಲ್ಲಿ ಬಾಕಿಯಿದ್ದ ಇಂಥ ಮೊಕದ್ದಮೆಗಳು 35.16 ಲಕ್ಷ ಎಂದು ಸುಪ್ರೀಂ ಕೋರ್ಟೇ ತನ್ನ ಆದೇಶದಲ್ಲಿ ಬರೆದಿದೆ. ಬಾಕಿ ವಸೂಲಿಯ ಮೊಕದ್ದಮೆಗಳೇ ಬಾಕಿ ಬೀಳುವುದನ್ನು ಆತ್ಮಾಶ್ರಯ ದೋಷ ಎನ್ನುತ್ತಾರೆ.

‘ಕೋರ್ಟಿಗೆ ಹೋಗೋ ದಿನ ಒಲೆ ಯಾರು ಹಚ್ತಾರೆ ಮೇಷ್ಟ್ರೇ?’ ಎಂದು ಅತ್ತಿಗೆ ಕೇಳಿದ್ದಕ್ಕೆ ನನ್ನ ಬಳಿ ಅಡಿಟಿಪ್ಪಣಿ ಇರಲಿಲ್ಲ.

ಯೂನಿಟ್ಟಿನ ಯಜಮಾನರು ಕೆಟ್ಟವರಲ್ಲ. ಅವರ ವಾದ ಶುದ್ಧ ತಾರ್ಕಿಕವಾದದ್ದು: ‘ಮೇಲಿಂದ ಬಂದಿಲ್ಲ ಅಕ್ಕಾ.’ ಮೇಲಿನವರನ್ನು ಕೇಳಿದರೆ ಅವರಿಗೂ ಮೇಲಿಂದ ಬಂದಿಲ್ಲ. ಅವರ ಮೇಲಿನ ದೊಡ್ಡ ಕಂಪನಿಯಲ್ಲಿ ಬಿಲ್ಲು ‘ಪ್ರೋಸೆಸ್’ನಲ್ಲಿದೆ. ಕಾರಣಕ್ಕೆ ಕಾರಣ, ಅದಕ್ಕೊಂದು ಕಾರಣ ಎಂದು ಕೊನೆಯಿಲ್ಲದೆ ಹೋಗುವುದನ್ನು ನೈಯಾಯಿಕರು ಅನವಸ್ಥಾ ದೋಷ ಎಂದರು. ಪೀಣ್ಯದಲ್ಲಿ ಅದಕ್ಕೆ ಪೇಮೆಂಟ್ ಸೈಕಲ್ ಎನ್ನುತ್ತಾರೆ. 2006ರ ಎಂಎಸ್‌ಎಂಇ ಕಾಯ್ದೆ ಈ ಅನವಸ್ಥೆಗೆ 45 ದಿನದ ಗಡಿ ಹಾಕಿ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ ಎಂದಿದೆ. 45 ದಿನದೊಳಗೆ ಸಣ್ಣವರಿಗೆ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ ಎಂದು ಆದಾಯ ತೆರಿಗೆಯವರೂ 2024ರಿಂದ ಸೇರಿಕೊಂಡಿದ್ದಾರೆ. ಯಜಮಾನರು ತಮ್ಮ ಮೇಲಿನವರ ಮೇಲೆ ದೂರು ಕೊಡಬಹುದು. ಕೊಟ್ಟರೆ ಮುಂದಿನ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತದೆ. ಅವರೂ ಯಾರದೋ ಬಾಗಿಲ ಮುಂದೆ ನಿಂತು ‘ನಾಳೆ ಬಾ’ ಓದುತ್ತಿರುವವರೇ. ಈ ಭಾಗ ಬರೆಯುವಾಗ ನನ್ನ ಅಣಕು ಸ್ವಲ್ಪ ಸೊರಗಿತು, ಓದುಗರು ಮನ್ನಿಸಬೇಕು.

ಅನುಮಾನ ಪ್ರಮಾಣವೂ ಇಲ್ಲಿ ಕೈಕೊಡುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಗೇಟಿನೊಳಗೆ ಹೊಸ ಕಾರು ಕಂಡರೆ ಖಾತೆಯಲ್ಲಿ ಹಣ ಇದೆ ಎನ್ನಲಾಗದು. ಕಾರು ಇರುವುದರಿಂದಲೇ ಖಾತೆಯಲ್ಲಿ ಹಣ ಇಲ್ಲ. ಇಎಂಐ ಎಂಬ ಉಪಾಧಿಯನ್ನು ಗೌತಮ ಮಹರ್ಷಿಗಳು ಊಹಿಸಿರಲಿಲ್ಲ.

ಆದರೆ ಅದೇ ಯಜಮಾನರು ಕರೆಂಟ್ ಬಿಲ್ ತಡ ಮಾಡುವುದಿಲ್ಲ, ಪೌಡರ್ ತರಿಸಿದ ಹಣ ತಡ ಮಾಡುವುದಿಲ್ಲ. ಅತ್ತಿಗೆಯ ಸಾಲೇ ಕೊನೆಗೆ ಯಾಕೆ ನಿಲ್ಲುತ್ತದೆ? ಹಸ್ತಪ್ರತಿಯನ್ನು ಮೂರು ಸಲ ಓದಿದ ಮೇಲೆ ನನಗೆ ಸಿಕ್ಕ ಸೂತ್ರ ಇದು: ಸಾಲದ ಅವಧಿ ಸಂಬೋಧನೆಯನ್ನು ಅವಲಂಬಿಸಿದೆ. ‘ಮೇಡಂ’ ಎಂದು ಕರೆದವರು ಕೈಮೇಲೆ ಕೈ ದುಡ್ಡು ಕೊಟ್ಟಿದ್ದಾರೆ. ‘ಆಂಟಿ’ ಎಂದವರು ವಾರದಲ್ಲಿ. ‘ಅಕ್ಕ’ ಎಂದರೆ ತಿಂಗಳ ಮೇಲೆ. ಯಾರಾದರೂ ‘ಅಮ್ಮಾ, ನೀವು ನಮ್ಮಮ್ಮ ಇದ್ದ ಹಾಗೆ’ ಎಂದರೆ ಆ ಹಣಕ್ಕೆ ಎಳ್ಳುನೀರು ಬಿಡುವುದೇ. ಈ ಸೂತ್ರಕ್ಕೆ ಆಧಾರವಾದ ಮಹಾವಾಕ್ಯ ಒಂದಿದೆ, ಎಲ್ಲ ಗಿರಾಕಿಗಳೂ ಒಂದಲ್ಲ ಒಂದು ದಿನ ಉಚ್ಚರಿಸಿದ್ದಾರೆ: ‘ಮನೇಲೇ ಮಾಡೋದಲ್ವಾ?’ ಮನೆಯಲ್ಲಿ ಮಾಡಿದ್ದಕ್ಕೆ ಗ್ಯಾಸ್ ಖರ್ಚಿಲ್ಲ, ಎಣ್ಣೆ ತಾನಾಗಿ ಊರುತ್ತದೆ, ಬೆನ್ನುನೋವು ಬಾಡಿಗೆಯಿಲ್ಲದೆ ವಾಸವಿರುತ್ತದೆ. ಸಾಲ ಕೊಳ್ಳುವವನ ಸುಖವನ್ನೂ ತೀರಿಸುವಾಗಿನ ಸಂಕಟವನ್ನೂ ಸರ್ವಜ್ಞ ಒಂದೇ ತ್ರಿಪದಿಯಲ್ಲಿ ಹೇಳಿ ಮುಗಿಸಿದ. ಬಾಗಿಲಲ್ಲಿ ನಿಂತ ಕೊಟ್ಟವಳ ಸಂಕಟವನ್ನು ಅವನು ಆ ಮೂರು ಸಾಲಿನಲ್ಲಿ ಸೇರಿಸಿಲ್ಲ.

ಪೂರ್ವ ಮತ್ತು ದಕ್ಷಿಣ ಪ್ರಾಂತ್ಯಗಳ ಬಗ್ಗೆ ಚುಟುಕಾಗಿ. ವೈಟ್‌ಫೀಲ್ಡಿನಲ್ಲಿ ಚೆಕ್ಕೇ ಇಲ್ಲದ್ದರಿಂದ ಬೌನ್ಸಿಲ್ಲ. ಅಲ್ಲಿರುವುದು ನೀಲಿ ಟಿಕ್ಕು. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ 60 ಹೋಳಿಗೆ ಹೇಳಿದವರು ಹಬ್ಬದ ದಿನ ಮೀಟಿಂಗಿನಲ್ಲಿರುತ್ತಾರೆ, ಮೆಸೇಜ್ ಓದಿರುತ್ತಾರೆ, ಹೋಳಿಗೆ ತಣ್ಣಗಾಗಿರುತ್ತದೆ. ಯುಪಿಐ ಬಂದ ಮೇಲೆ ಚೆಕ್ಕಿನ ಸ್ಥಾನಕ್ಕೆ ಸ್ಕ್ರೀನ್‌ಶಾಟ್ ಬಂದಿದೆ. ಸುಳ್ಳು ಸ್ಕ್ರೀನ್‌ಶಾಟಿಗೆ ವಾಪಸಾತಿ ಚೀಟಿಯೂ ಇಲ್ಲ, 138ನೇ ಕಲಮೂ ಇಲ್ಲ. ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕಂಡ ಕನಸು. ಪಿಜಿ ಹುಡುಗರು ಊರಿಗೆ ಹೋಗುವಾಗ ಊಟದ ಬಾಕಿಯ ಜೊತೆ ಸ್ಟೀಲ್ ಡಬ್ಬಿಯನ್ನೂ ಒಯ್ಯುತ್ತಾರೆಂಬುದು ಆ ಕನಸಿನಲ್ಲಿ ಇದ್ದಿರಲಾರದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆಯವರು ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿದಾಗ ಊರ ತುಂಬ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಶಾಸನಗಳು ಎದ್ದವು. ‘ಇಂದು ನಗದು ನಾಳೆ ಸಾಲ’ ಎಂಬ ಹಳೆಯ ಪಾಠಕ್ಕೆ ಇದು ಹತ್ತಿರದ್ದು. ಅಂಗಡಿಯವನಿಗೆ ಬೋರ್ಡು ಬರೆಯಲು ಒಂದು ಗೋಡೆಯಾದರೂ ಇದೆ. ಅತ್ತಿಗೆಯ ಬಾಗಿಲ ಮೇಲಿರುವುದು ಮಾವಿನ ತೋರಣ.

ವಸೂಲಿ ಹೇಗಾಯಿತೆಂದು ಕೇಳುವಿರಿ. ಅದು ಯಾವ ಕಲಮಿನಲ್ಲೂ ಇಲ್ಲ. ಒಂದು ಶನಿವಾರ, ಬಟವಾಡೆಯ ದಿನ, ಅತ್ತಿಗೆ ಶೆಡ್ಡಿಗೆ ಹೋಗಿ ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಒಳಗೆ ಓವನ್ನಿನ ಬಿಸಿ, ಕೊಕ್ಕೆಗೆ ನೇತುಹಾಕಿದ ಬೂದುಬಣ್ಣದ ಬ್ರಾಕೆಟ್ಟುಗಳು, ಹಾಜರಿ ಪುಸ್ತಕ ಹಿಡಿದು ಸಾಲು ನಿಂತ ಹುಡುಗರು. ಯಜಮಾನರು ಹೊರಬಂದು, ‘ಅಯ್ಯೋ ಅಕ್ಕಾ, ನೀವ್ಯಾಕೆ ಬರೋಕೆ ಹೋದ್ರಿ, ಸೋಮವಾರ ನಾನೇ...’ ಎಂದರು. ‘ಅಕ್ಕ ಅಂದ್ರಲ್ಲಪ್ಪ, ಇದು ನನ್ನ ತವರುಮನೆ ಆಯ್ತಲ್ಲ. ಸೋಮವಾರದವರೆಗೂ ಇದ್ದು ಹೋಗ್ತೀನಿ,’ ಎಂದು ಅತ್ತಿಗೆ ಬ್ಯಾಗಿನಿಂದ ಚಿತ್ರಾನ್ನದ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸಾಲಿನಲ್ಲಿದ್ದ ಹುಡುಗನೊಬ್ಬ, ಆಯುಧಪೂಜೆಯ ಕೋಡುಬಳೆ ನಿಮ್ಮದೇನಾ ಎಂದು ಕೇಳಿದನಂತೆ. ಚೆನ್ನಾಗಿತ್ತು ಎಂದನಂತೆ. ಎಲ್ಲರ ಎದುರಿಗೇ. ಸಂಜೆಗೆ 10,000 ನಗದು ಬಂತು, ಉಳಿದದ್ದು ಮೂರು ಕಂತಿನಲ್ಲಿ ಬಂತು, ಕೊನೆಯ 3,000ದ ಬದಲಿಗೆ ಅಡುಗೆಮನೆಗೆ ಬೂದುಬಣ್ಣ ಹಚ್ಚಿದ ಒಂದು ಕಬ್ಬಿಣದ ರ‍್ಯಾಕು ಬಂತು. ಡಬ್ಬಿಗಳೆಲ್ಲ ಈಗ ಅದರ ಮೇಲೆಯೇ. ಈ ವರ್ಷ ಅದೇ ಯೂನಿಟ್ಟಿನಿಂದ 350 ಬಾಕ್ಸಿನ ಆರ್ಡರ್ ಬಂದಿದ್ದು, ಹಸ್ತಪ್ರತಿಯ 61ನೇ ಪುಟದಲ್ಲಿ ‘ಅಡ್ವಾನ್ಸ್’ ಎಂಬ ಪದದ ಕೆಳಗೆ ಎರಡು ಗೆರೆ ಎಳೆಯಲಾಗಿದೆ.

ಗ್ರಂಥಸಂಪಾದನೆಯ ಒಂದು ತೊಡಕು ಉಳಿದಿದೆ. 37ನೇ ಪುಟದ ಕೆಳಗೆ ಒಂದು ಸಾಲಿದೆ: ‘ಮೈದುನ. ಚಕ್ಕುಲಿ 2 ಕೆಜಿ, ಹುರಿಗಾಳು 1 ಕೆಜಿ. 940. ನಾಳೆ.’ ಶಾಯಿ ಬೇರೆ, ಅಕ್ಷರ ಇಕ್ಕಟ್ಟು, ಹಿಂದಿನ ಮುಂದಿನ ಸಾಲುಗಳಿಗೆ ಸಂಬಂಧವಿಲ್ಲ. ಇದು ಪ್ರಕ್ಷಿಪ್ತವೆಂದು ನನ್ನ ಖಚಿತ ಅಭಿಪ್ರಾಯ; ಅಧಿಕೃತ ಪಾಠದಿಂದ ಕೈಬಿಟ್ಟಿದ್ದೇನೆ. ಪ್ರಧಾನ ಲಿಪಿಕಾರರು ಇದನ್ನು ಒಪ್ಪುತ್ತಿಲ್ಲ. ಚರ್ಚಿಸಲು ಇವತ್ತು ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದಿದ್ದರು. ನಾನು ಒಳಗೆ ಈ ಪ್ರಬಂಧ ಬರೆಯುತ್ತಿದ್ದುದರಿಂದ, ನಾಳೆ ಬರಲು ಹೇಳಿ ಕಳಿಸಿದೆ.