ಶ್ವಾನಲಂಘನ ದೋಷಮೀಮಾಂಸೆ: ಹೊಸಕೋಟೆಯ ಖಾಲಿ ಸೈಟುಗಳನ್ನು ಆಧರಿಸಿದ ಒಂದು ಶಾಸ್ತ್ರವಿಚಾರ

ಅಜಿಲಿಟಿ ಎಂಬ ನಾಯಿಯಾಟ ಮೊದಲು ಕಂಡದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ಶ್ವಾನಪ್ರದರ್ಶನದಲ್ಲಿ. ಎರಡು ಕಾರ್ಯಕ್ರಮಗಳ ನಡುವೆ ಜನರಿಗೆ ಬೇಸರವಾಗದಿರಲೆಂದು ಕುದುರೆ ಜಿಗಿತದ ಮಾದರಿಯಲ್ಲಿ ಇದನ್ನು ಹುಟ್ಟುಹಾಕಿದರು. ಕುದುರೆಯ ಮೇಲೆ ಸವಾರ ಕೂರಬಹುದು. ನಾಯಿಯ ಮೇಲೆ ಕೂರಲಾಗದ್ದರಿಂದ ಪಕ್ಕದಲ್ಲಿ ಓಡಬೇಕು. ಈ ಆಟದ ಸಕಲ ಕ್ಲೇಶಗಳಿಗೂ ಇದೇ ಮೂಲ. ಬಾರಿಲ್ಲದ ನಾಯಿ ಅಡ್ಡಗೋಲು ಹಾರಿ, ಸುರಂಗ ನುಗ್ಗಿ, ಸೀಸಾ ಹಲಗೆ ದಾಟಿ, 12 ಕಂಬಗಳ ನಡುವೆ ಎಡಬಲ ಸುಳಿದು ಬರಬೇಕು. ಕೋಲು ಬಿದ್ದರೆ 5 ದೋಷ, ಹಲಗೆಯ ತುದಿಯ ಬಣ್ಣದ ಜಾಗ ಮೆಟ್ಟದೆ ನೆಗೆದರೆ 5 ದೋಷ, ತಡೆಯ ಮುಂದೆ ನಿಂತು ಯೋಚಿಸಿದರೆ 5 ದೋಷ. ಮೂರು ಸಲ ಯೋಚಿಸಿದರೆ ಅಥವಾ ಕ್ರಮ ತಪ್ಪಿದರೆ ಆಟದಿಂದಲೇ ಹೊರಗೆ. ಕೊನೆಗೆ ಸುತ್ತಲಿನವರೆಲ್ಲ ಹೇಳುವುದು ಒಂದೇ: 'ನಾಯಿ ಕೈಕೊಟ್ಟಿತು.' ಈ ದೋಷಗಳೆಲ್ಲ ತಪ್ಪು ಖಾತೆಗೆ ಜಮೆಯಾಗುತ್ತಿವೆ, ನಾಯಿಯಲ್ಲಿ ದೋಷವೆಂಬುದು ಇರಲಾರದು ಎಂಬುದೇ ಪ್ರಸ್ತುತ ಸಿದ್ಧಾಂತ.

ಮೊದಲು ಶಬ್ದಪ್ರಮಾಣ, ಅಂದರೆ ನಿಯಮಾವಳಿ. ಸ್ಪರ್ಧೆಗೆ ಮುನ್ನ ಹ್ಯಾಂಡ್ಲರ್, ಅಂದರೆ ನಾಯಿಯ ಪಕ್ಕದಲ್ಲಿ ಓಡುವವನು, ಒಬ್ಬನೇ ಅಂಗಣದಲ್ಲಿ ಓಡಾಡಿ, ಯಾವುದರ ನಂತರ ಯಾವುದು ಎಂದು ಬಾಯಿಪಾಠ ಮಾಡಿಕೊಳ್ಳಬಹುದು. ನಾಯಿಗೆ ಆಗ ಪ್ರವೇಶವಿಲ್ಲ. ಪ್ರಶ್ನೆಪತ್ರಿಕೆ ಮುಂಚೆಯೇ ಸಿಕ್ಕಿದ್ದು ಮನುಷ್ಯನಿಗೆ, ಫೇಲಾದದ್ದು ಮಾತ್ರ ನಾಯಿ ಎಂದರೆ ಯಾವ ನ್ಯಾಯ? ಎರಡನೆಯದು ಪ್ರತ್ಯಕ್ಷಪ್ರಮಾಣ. ಅಂತರರಾಷ್ಟ್ರೀಯ ನಿಯಮದಂತೆ ಭುಜದೆತ್ತರ 35 ಸೆಂ.ಮೀ.ಗಿಂತ ಕಡಿಮೆಯಿರುವ ನಾಯಿ ಸಣ್ಣ ವರ್ಗಕ್ಕೆ ಸೇರುತ್ತದೆ. ಅಷ್ಟೆತ್ತರದಿಂದ ನೋಡುವ ಟೆರಿಯರಿಗೆ ಯಜಮಾನನ ವಿದ್ಯಾರ್ಹತೆ, ಸದುದ್ದೇಶ ಯಾವುದೂ ಕಾಣದು. ಎದುರಿಗಿರುವುದು ಒಂದು ಜೊತೆ ಶೂ. ಶೂ ಸುರಂಗದ ಕಡೆ ತಿರುಗಿದ್ದು, ಬಾಯಿ ಮಾತ್ರ 'ಜಂಪ್, ಜಂಪ್' ಎಂದರೆ ನಾಯಿ ಶೂವನ್ನೇ ನಂಬುತ್ತದೆ. ಕಂಬಗಳಲ್ಲಿ ಇದು ಇನ್ನೂ ಸ್ಪಷ್ಟ. ಎರಡು ಕಂಬ ಬಾಕಿಯಿರುವಾಗಲೇ ಹ್ಯಾಂಡ್ಲರ್ ಮುಂದಿನ ತಡೆಯತ್ತ ಭುಜ ತಿರುಗಿಸಿದರೆ, ನಾಯಿ ಹತ್ತನೆಯ ಕಂಬದಲ್ಲೇ ಹೊರಬಿದ್ದು ಭುಜ ತೋರಿದ ಕಡೆಗೆ ಧಾವಿಸುತ್ತದೆ. ತೀರ್ಪುಗಾರರ ಹಾಳೆಯಲ್ಲಿ ಇದು ಅವಿಧೇಯತೆ. ಶಾಸ್ತ್ರದ ಪ್ರಕಾರ ಅತಿವಿಧೇಯತೆ.

ಮೂರನೆಯದು ಅನ್ವಯ-ವ್ಯತಿರೇಕ. ಇದಕ್ಕೆ ಹೊಸಕೋಟೆಯಷ್ಟು ಅನುಕೂಲವಾದ ಪ್ರಯೋಗಶಾಲೆ ಸಿಗುವುದು ಕಷ್ಟ. ಇಲ್ಲಿ ಲೇಔಟ್ ಆಗಿ ಮನೆಯಾಗದ ಸೈಟುಗಳಿವೆ. ಪಿವಿಸಿ ಪೈಪು ಕತ್ತರಿಸಿದರೆ ಅಡ್ಡಗೋಲು, ಸೆಂಟ್ರಿಂಗ್ ಹಲಗೆ ಎತ್ತಿಟ್ಟರೆ ಸೇತುವೆ, ಗುಜರಿ ಅಂಗಡಿಯ ಟಯರು ನೇತುಹಾಕಿದರೆ ಬಳೆ. ಹವ್ಯಾಸಿಯ ಟೆರಿಯರ್ ಇವನ್ನೆಲ್ಲ ಮೂಸಿ, ಸೈಟಿನ ಮೂಲೆಕಲ್ಲಿಗೆ ಕಾಲೆತ್ತಿ, ಪಾರ್ಥೇನಿಯಂ ಪೊದೆಯೊಳಗೆ ಅಂತರ್ಧಾನವಾಗುತ್ತದೆ. ಅದೇ ಹೊತ್ತಿಗೆ ಅದೇ ಬೀದಿಯ ಕಂತ್ರಿ ನಾಯಿ ಕಾಂಪೌಂಡ್ ಹಾರಿ, ಜಲ್ಲಿ ರಾಶಿ ಹತ್ತಿಳಿದು, ಮೋರಿ ಪೈಪಿನೊಳಗೆ ನುಗ್ಗಿ, ನಿಂತ ಸ್ಕೂಟರುಗಳ ನಡುವೆ ಸುಳಿದು, ಒಂದೂ ತಪ್ಪದೆ ಮಾಂಸದಂಗಡಿ ತಲುಪುತ್ತದೆ. ಹ್ಯಾಂಡ್ಲರ್ ಇದ್ದಲ್ಲಿ ದೋಷವಿದೆ. ಹ್ಯಾಂಡ್ಲರ್ ಇಲ್ಲದಲ್ಲಿ ದೋಷವಿಲ್ಲ. ಹೊಗೆ ಬೆಂಕಿಯ ಸಂಬಂಧಕ್ಕೂ ಇದಕ್ಕಿಂತ ಬಲವಾದ ವ್ಯಾಪ್ತಿಯನ್ನು ತಾರ್ಕಿಕರು ತೋರಿಸಿಲ್ಲ.

ಇಲ್ಲಿ ಪೂರ್ವಪಕ್ಷಿಗಳು ಏಳುತ್ತಾರೆ. ಮೊದಲನೆಯವರು, ಟೆರಿಯರ್ ಜಾತಿಯೇ ಹಟಮಾರಿ ಎನ್ನುತ್ತಾರೆ. ಡೆವನ್ ಪ್ರಾಂತದ ಪಾದ್ರಿ ಜಾನ್ ರಸೆಲ್ 1819ರಲ್ಲಿ ಹಾಲಿನವನೊಬ್ಬನಿಂದ ಟ್ರಂಪ್ ಎಂಬ ಬಿಳಿ ಹೆಣ್ಣುನಾಯಿಯನ್ನು ಕೊಂಡು ಬೆಳೆಸಿದ ತಳಿಯ ಕೆಲಸ ನರಿಯ ಬಿಲಕ್ಕೆ ಇಳಿದು, ಮೇಲಿರುವ ಮನುಷ್ಯನ ಸಹಾಯವಿಲ್ಲದೆ ಕತ್ತಲಲ್ಲಿ ತಾನೇ ತೀರ್ಮಾನಿಸುವುದು. ತಲೆತಲಾಂತರದಿಂದ ನೆಲದೊಳಗೆ ಸ್ವಂತ ಬುದ್ಧಿಯಿಂದ ಬದುಕಿದ್ದನ್ನು ಕರೆದು, ನೆಲದ ಮೇಲೆ ಪರಬುದ್ಧಿಯಿಂದ ಹಾರು ಎಂದವರು ಯಾರು? ಹಟ ಯಾರದೆಂದು ಅಲ್ಲೇ ಗೊತ್ತಾಗುತ್ತದೆ. ಎರಡನೆಯವರ ತಕರಾರು ಬೋಧನಾ ಮಾಧ್ಯಮದ್ದು: ಮನೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಏನೇ ಇರಲಿ, ನಾಯಿಯೊಂದಿಗೆ ಮಾತ್ರ ಇಂಗ್ಲಿಷ್ ಆಡುವುದರಿಂದ ಅದಕ್ಕೆ ಗೊಂದಲವಾಗಿದೆಯಂತೆ. ನಾಯಿ ಓದುವುದು ಕಾಲು ಮತ್ತು ಭುಜವನ್ನೆಂದು ಮೇಲೆ ಸಾಧಿಸಿರುವುದರಿಂದ ಈ ವಿವಾದ ಇಲ್ಲಿ ಅಪ್ರಸ್ತುತ. ಅದನ್ನು ಶಾಲೆಗಳಿಗೇ ಬಿಡೋಣ. ಮೂರನೆಯವರು ಬಿರಿಯಾನಿಯನ್ನು ತರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೇ ದಮ್ ಬಿರಿಯಾನಿಗೆ ಕ್ಯೂ ನಿಲ್ಲುವ ಊರಿನಲ್ಲಿ ನಾಯಿಯ ಏಕಾಗ್ರತೆ ಕೆಡದೇ ಇರುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಕ್ಯೂನಲ್ಲಿ ನಿಂತಿರುವವರು ಬೆಂಗಳೂರಿನಿಂದ ಕಾರಿನಲ್ಲಿ ಬಂದ ಮನುಷ್ಯರು. ಮೂಗು ಕಟ್ಟಿಹಾಕಲಾರದ ದೌರ್ಬಲ್ಯ ನಾಯಿಗೆ ವಿಶೇಷವಾದ ಲಕ್ಷಣವಲ್ಲವಾದ್ದರಿಂದ ಅದನ್ನು ನಾಯಿಯ ದೋಷವೆನ್ನಲಾಗದು.

ಉಳಿದದ್ದು ಐತಿಹ್ಯ. ಕ್ರಿ.ಶ. 949–50ರ ಆತಕೂರು ಶಾಸನ, ಗಂಗರ ಬೂತುಗ ತನ್ನ ಸೇವಕ ಮಣಲೇರನಿಗೆ ಕಾಳಿ ಎಂಬ ಬೇಟೆನಾಯಿಯನ್ನು ಮೆಚ್ಚಿ ಕೊಟ್ಟದ್ದನ್ನು, ಅದು ಹಂದಿಯೊಂದಿಗೆ ಸೆಣಸಿ ಎರಡೂ ಸತ್ತದ್ದನ್ನು ದಾಖಲಿಸುತ್ತದೆ. ಆ ಶಾಸನದ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಅದರಲ್ಲಿದೆ. ನಾಯಿಯ ಖಾತೆಯ ಪಾಪವನ್ನು ಮನುಷ್ಯನ ಖಾತೆಗೆ ವರ್ಗಾಯಿಸಲು ಸಾವಿರ ವರ್ಷ ಹಿಂದೆಯೇ ಕನ್ನಡದಲ್ಲಿ ಕಾನೂನಿತ್ತೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಅನುಮಾನವಿದ್ದವರು ಹೋಗಿ ನೋಡಬಹುದು. ಇದಕ್ಕೆದುರಾಗಿ ಕೆಲವರು ಧರ್ಮರಾಯನನ್ನು ನಿಲ್ಲಿಸುತ್ತಾರೆ: ಬಾರಿಲ್ಲದೆ, ಬಿಸ್ಕತ್ತಿಲ್ಲದೆ, ಸ್ವರ್ಗದ ಬಾಗಿಲವರೆಗೂ ನಾಯಿಯನ್ನು ನಿರ್ದೋಷವಾಗಿ ಕರೆತಂದ ಹ್ಯಾಂಡ್ಲರ್ ಇದ್ದನಲ್ಲ ಎಂದು. ಆದರೆ ಆ ನಾಯಿ ಕೊನೆಗೆ ಯಮಧರ್ಮನಾಗಿ ಬದಲಾಯಿತು. ಸ್ಪರ್ಧಿಯೇ ತೀರ್ಪುಗಾರನಾದ ಓಟದ ಫಲಿತಾಂಶವನ್ನು ಯಾವ ಕ್ರೀಡಾಸಂಸ್ಥೆಯೂ ಮಾನ್ಯ ಮಾಡುವುದಿಲ್ಲ.

ಆದ್ದರಿಂದ ನಿರ್ಣಯ ಹೀಗೆ: ರಿಬ್ಬನ್ ಬಂದರೆ ನಾಯಿಯ ಕೊರಳಿಗೆ, ದೋಷ ಬಂದರೆ ಹ್ಯಾಂಡ್ಲರನ ಹೆಸರಿಗೆ. ಹೊಸಕೋಟೆಯ ಹವ್ಯಾಸಿಗಳಲ್ಲಿ ಒಂದು ವಿನಂತಿ. ಮೊದಲ ತಿಂಗಳು ನಾಯಿಯನ್ನು ನೆರಳಿನಲ್ಲಿ ಕೂರಿಸಿ, ಖಾಲಿ ಸೈಟಿನಲ್ಲಿ ನೀವೊಬ್ಬರೇ ಓಡಿ, ತಿರುಗಿ, ಭುಜ ಎತ್ತ ಹೋಗುತ್ತದೆಂದು ನೋಡಿಕೊಳ್ಳಿ. ದಾರಿಹೋಕರು ನಿಂತು ನೋಡಿದರೆ, ಕಲಿಯುತ್ತಿರುವುದು ನಾಯಿಯೆಂದು ಮಾತ್ರ ಸುಳ್ಳು ಹೇಳಬೇಡಿ.