ಫಲಾಹಾರದ ರಾಯರು

ಹದಿನೈದು ದಿನಕ್ಕೊಮ್ಮೆ ಬರುವ ಏಕಾದಶಿಯಂದು ಬರಿದಾಗುವುದು ರಾಯರ ಹೊಟ್ಟೆಯಲ್ಲ, ಮನೆಯ ಅವಲಕ್ಕಿ ಡಬ್ಬ. ಬಸವನಗುಡಿಯಾಗಲಿ, ಮೈಸೂರಿನ ಅಗ್ರಹಾರವಾಗಲಿ, ಧಾರವಾಡದ ಮಾಳಮಡ್ಡಿಯಾಗಲಿ, ಇಂಥ ರಾಯರಿಲ್ಲದ ಬೀದಿ ಸಿಗುವುದು ಕಷ್ಟ. ಬೆಳಗ್ಗೆ ಸ್ನಾನ ಮುಗಿಸಿ, ಗೋಪೀಚಂದನ ಹಚ್ಚಿ, ದೇವರ ಮನೆಯಿಂದ ಹೊರಗೆ ಬಂದವರೇ ಅವರು ಹೇಳುವ ಮೊದಲ ಮಾತು, "ಇವತ್ತು ನನಗೇನೂ ಬೇಡ ಕಣೇ." ಏನೂ ಬೇಡದವರಿಗೆ ಎಂಟೂವರೆಗೆ ಕಾಯಿತುರಿ ಉದುರಿಸಿದ ಒಗ್ಗರಣೆ ಅವಲಕ್ಕಿ, ಹತ್ತಕ್ಕೆ ಒಂದು ಲೋಟ ಕಾಫಿ, ಹನ್ನೆರಡೂವರೆಗೆ ಗೋಡಂಬಿ ಹಾಕಿದ ರವೆ ಉಪ್ಪಿಟ್ಟು, ಅದರ ಮಗ್ಗುಲಿಗೆ ಗಟ್ಟಿ ಮೊಸರು ಮತ್ತು ಬಾಳೆಹಣ್ಣಿನ ರಸಾಯನ, ನಾಲ್ಕಕ್ಕೆ ಹುರಿದ ಶೇಂಗಾ, ರಾತ್ರಿ ಆಲೂಗಡ್ಡೆ ಬೆರೆಸಿದ ಸಬ್ಬಕ್ಕಿ ಖಿಚಡಿ, ಮಲಗುವ ಮುನ್ನ ಹಾಲು. ಉಪ್ಪಿಟ್ಟನ್ನು ಬಾಯಿಗಿಡುವ ಮೊದಲು ಚಮಚದ ತುದಿಯಿಂದ ಕೆದಕಿ, "ಈರುಳ್ಳಿ ಬಿದ್ದಿಲ್ಲ ತಾನೆ?" ಎಂದು ಕೇಳುತ್ತಾರೆ. ವ್ರತಭಂಗದ ಭಯವೆಂದರೆ ಅದು! ಇಡೀ ದಿನದಲ್ಲಿ ಅವರು ತ್ಯಾಗ ಮಾಡಿದ್ದು ಅನ್ನ ಒಂದನ್ನೇ. ಆ ತ್ಯಾಗದ ಸುದ್ದಿ ಸಂಜೆಯೊಳಗೆ ನಾಲ್ಕು ಮನೆಗೆ ಮುಟ್ಟಿರುತ್ತದೆ.

ಇಂಥವರನ್ನು ಡೋಂಗಿ ಎಂದು ಕರೆಯುವುದು ರೂಢಿ. ಅದು ಅನ್ಯಾಯ. ಡೋಂಗಿಯಾದವನು ಕದ್ದು ತಿನ್ನುತ್ತಾನೆ. ರಾಯರು ಜಗುಲಿಯ ಮೇಲೆ, ಬಂದುಹೋಗುವವರ ಕಣ್ಣೆದುರಿಗೆ, ಧೈರ್ಯವಾಗಿ ತಿನ್ನುತ್ತಾರೆ. ಅವರಿಗೆ ಶಾಸ್ತ್ರದ ಮೇಲಿರುವ ಗೌರವ ನಿಜವಾದದ್ದು. ಯಾವ ವಕೀಲನಿಗೂ ಕಾನೂನಿನ ಮೇಲೆ ಅಷ್ಟು ಗೌರವ ಇರಲಾರದು. ಮಹಾಭಾರತದಲ್ಲೇ ವ್ರತವನ್ನು ಕೆಡಿಸದ ಎಂಟರ ಪಟ್ಟಿಯೊಂದಿದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಿನ ಮಾತು, ಔಷಧ. ಕೈಲಾಗದವರ ಮೇಲಿನ ಕರುಣೆಯಿಂದ ತೆರೆದಿಟ್ಟ ಈ ಕಿಂಡಿಯೊಳಗೆ ರಾಯರು ಸಂಸಾರ ಸಮೇತ ನುಗ್ಗಿದ್ದಾರೆ. ಗೆಡ್ಡೆಯ ಬಾಬ್ತಿನಲ್ಲಿ ಆಲೂಗಡ್ಡೆ, ಗೆಣಸು ಬಂದವು. ಹಾಲಿನ ಬಾಬ್ತಿನಲ್ಲಿ ಮೊಸರು, ತುಪ್ಪ, ಖೋವ, ಕೊನೆಗೆ ಪೇಡ ಕೂಡ. ಕಾಫಿಯನ್ನು ಔಷಧಕ್ಕೆ ಸೇರಿಸಿದರು; ತಲೆನೋವು ಬಂದ ಮೇಲೆ ಕುಡಿದರೆ ಚಿಕಿತ್ಸೆ, ಬರುವ ಮೊದಲೇ ಕುಡಿದರೆ ಮುಂಜಾಗ್ರತೆ. ಅವಲಕ್ಕಿಯೂ ಅಕ್ಕಿಯೇ ಅಲ್ಲವೇ ಎಂದು ಯಾರಾದರೂ ಕೆಣಕಿದರೆ, ಹುರಿದದ್ದಕ್ಕೆ ದೋಷವಿಲ್ಲ ಎಂಬ ಉತ್ತರ ಸಿದ್ಧವಾಗಿದೆ. ರವೆಗೂ ಅದೇ ಉತ್ತರ. ಮಹಾರಾಷ್ಟ್ರದ ಉಪವಾಸದಲ್ಲಿ ಗೋಧಿಯೂ ಅವಲಕ್ಕಿಯೂ ನಡೆಯುವುದಿಲ್ಲ ಎಂದು ಹೇಳಿದರೆ, ಅದು ಅವರ ಪದ್ಧತಿ ಎನ್ನುತ್ತಾರೆ. ಆದರೆ ಅಲ್ಲಿಯ ಸಾಬುದಾಣೆ ಖಿಚಡಿಯನ್ನು ಮಾತ್ರ ಗಡಿ ದಾಟಿಸಿ ತಂದುಕೊಂಡಿದ್ದಾರೆ.

ಈ ಖಿಚಡಿಯ ಜಾತಕ ನೋಡುವಂಥದ್ದು. ಸಬ್ಬಕ್ಕಿ ಆಗುವುದು ಮರಗೆಣಸಿನ ಹಿಟ್ಟಿನಿಂದ. ಅದರ ದೊಡ್ಡ ಕಾರ್ಖಾನೆಗಳು ತಮಿಳುನಾಡಿನ ಸೇಲಂ ಸುತ್ತಮುತ್ತ ಇವೆ. ಮರಗೆಣಸು ಮೂಲತಃ ಅಮೆರಿಕ ಖಂಡದ ಬೆಳೆ. ಅದಕ್ಕೆ ಬೆರೆಸುವ ಆಲೂಗಡ್ಡೆ, ಪುಡಿ ಮಾಡಿ ಹಾಕುವ ಶೇಂಗಾ, ಸೀಳಿ ಹಾಕುವ ಹಸಿಮೆಣಸಿನಕಾಯಿ, ಇವೆಲ್ಲದರ ತವರೂ ಅದೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದ ನಂತರವೇ ಈ ಬಳಗ ಒಬ್ಬೊಬ್ಬರಾಗಿ ನಮ್ಮ ಅಡುಗೆಮನೆ ಹೊಕ್ಕಿದ್ದು. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯ ಉಪವಾಸವನ್ನು ಒತ್ತಿ ಹೇಳಿದಾಗ ಅವರೆದುರಿಗೆ ಆಲೂಗಡ್ಡೆಯ ಪ್ರಶ್ನೆಯೇ ಇರಲಿಲ್ಲ. ಶಾಸ್ತ್ರ ನಿಷೇಧಿಸಲಿಲ್ಲ ಎಂದು ರಾಯರು ಹೇಳುವುದು ಅಕ್ಷರಶಃ ನಿಜ. ಕಾಣದ ವಸ್ತುವನ್ನು ನಿಷೇಧಿಸುವುದಾದರೂ ಹೇಗೆ? ನಾಳೆ ಹೊಸದೊಂದು ಗೆಡ್ಡೆ ಹಡಗು ಹತ್ತಿ ಬಂದರೆ, ಅದಕ್ಕೆ ಮೊದಲ ಆಸನ ಏಕಾದಶಿಯ ಎಲೆಯ ಮೇಲೇ ಸಿಗುತ್ತದೆ.

ಇಷ್ಟಾದರೂ ರಾಯರ ಲೆಕ್ಕಕ್ಕೆ ಒಂದು ಘನತೆ ಇದೆ ಎಂಬುದನ್ನು ಒಪ್ಪಲೇಬೇಕು. ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಲ್ಲಿರುವ ನಮ್ಮಂಥವರಿಗೆ ಇಂದು ಚಂದ್ರ ಬೆಳೆಯುತ್ತಿದ್ದಾನೋ ಸವೆಯುತ್ತಿದ್ದಾನೋ ಗೊತ್ತಿರುವುದಿಲ್ಲ. ರಾಯರಿಗೆ ಗಳಿಗೆ ಸಮೇತ ಗೊತ್ತು. ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮೊದಲು, ಅಂದರೆ 96 ನಿಮಿಷ ಮೊದಲು, ದಶಮಿಯ ಸೋಂಕು ಉಳಿದಿದ್ದರೆ ವೈಷ್ಣವರಿಗೆ ಆ ದಿನ ಏಕಾದಶಿ ಅಲ್ಲ, ಉಪವಾಸ ಮರುದಿನಕ್ಕೆ ಹೋಗುತ್ತದೆ. ಸ್ಮಾರ್ತರು ಈ ವೇಧದ ಗೊಡವೆಗೆ ಹೋಗದೆ ಹಿಂದಿನ ದಿನವೇ ಮುಗಿಸಿರುತ್ತಾರೆ. ಮಠಕ್ಕೊಂದು ಪಂಚಾಂಗ ಇರುವುದರಿಂದ ಒಂದೇ ಬೀದಿಯಲ್ಲಿ ಎರಡು ಏಕಾದಶಿ ನಡೆಯುವುದುಂಟು. ಇಂಥ ತಿಂಗಳಲ್ಲಿ ರಾಯರ ಮುಖ ನೋಡಬೇಕು! ಮೂರು ಪಂಚಾಂಗ ಹರಡಿಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿ, ಬೆರಳು ಮಡಿಚುತ್ತ ಕೂತರೆ ಎರಡು ಗಂಟೆ ಹಸಿವೇ ಗೊತ್ತಾಗುವುದಿಲ್ಲ. ಅವರು ನಿಜವಾಗಿ ಉಪವಾಸ ಇರುವುದು ಆ ಎರಡು ಗಂಟೆ. ಅಪ್ಪಿತಪ್ಪಿ ನೆಂಟರ ಮದುವೆಯ ಊಟ ಈ ಎರಡು ದಿನಗಳಲ್ಲಿ ಒಂದರ ಮೇಲೆ ಬಿದ್ದರೆ, ಯಾವ ಮಠದ ಗಣಿತ ಹೆಚ್ಚು ಸೂಕ್ಷ್ಮ ಎಂಬುದು ಅವರಿಗೆ ಬೇಗ ಹೊಳೆಯುತ್ತದೆ. ಪುರಿಗೆ ಹೋಗುವ ಆಸೆ ಮಾತ್ರ ಅವರಿಗಿಲ್ಲ. ಅಲ್ಲಿ ಜಗನ್ನಾಥ ಏಕಾದಶಿಯನ್ನೇ ತಲೆಕೆಳಗಾಗಿ ಕಟ್ಟಿಹಾಕಿದ್ದಾನೆ, ಅಂದೂ ಅನ್ನದ ಮಹಾಪ್ರಸಾದ ತಿನ್ನಬಹುದು ಎಂಬ ಕಥೆಯಿದೆ. ಬಾಗಿಲು ಹಾರುಹೊಡೆದಿರುವಲ್ಲಿ ಕಿಂಡಿ ಹುಡುಕುವವನಿಗೆ ಏನು ಕೆಲಸ?

ತಿನ್ನಲಿ ಬಿಡಿ, ತಿಂಗಳಿಗೆ ಎರಡು ದಿನವಾದರೂ ದೇವರ ನೆನಪು ಬರುತ್ತದಲ್ಲ, ಅದರಿಂದ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ವಯಸ್ಸಿನಲ್ಲಿ ನೀರೂ ಮುಟ್ಟದೆ ಕೂರಿ ಎಂದು ಹೇಳುವುದೂ ತಪ್ಪು. ಎಂಟು ವರ್ಷದೊಳಗಿನ ಮಕ್ಕಳಿಗೂ ಎಂಬತ್ತು ದಾಟಿದವರಿಗೂ ಪುರಾಣವೇ ವಿನಾಯಿತಿ ಕೊಟ್ಟಿದೆ. ಹಾಗೆಂದು ಒಣ ಏಕಾದಶಿ ಮಾಡುವವರೆಲ್ಲ ಮೇಲು ಎನ್ನುವಂತೆಯೂ ಇಲ್ಲ. ಮಧ್ಯಾಹ್ನ ಮೂರು ಗಂಟೆಯ ಮೇಲೆ ಅವರ ಹತ್ತಿರ ಮಾತಾಡಿಸಿಕೊಂಡವರಿಗೆ ಇದು ಗೊತ್ತು. ನನ್ನ ತಕರಾರು ರಾಯರ ಹೊಟ್ಟೆಯ ಮೇಲಲ್ಲ, ಒಲೆಯ ಮೇಲೆ. ಏಕಾದಶಿ ಎಂದರೆ ಒಲೆಗೂ ಬಿಡುವಿನ ದಿನ. ಉಡುಪಿಯ ಕೃಷ್ಣಮಠದಲ್ಲಿ ದಿನವೂ ಸಾವಿರಾರು ಜನ ಊಟಕ್ಕೆ ಕೂರುವಲ್ಲಿ ಅಂದು ಪಂಕ್ತಿಯೇ ಇಲ್ಲ. ಅಡುಗೆ ಇಲ್ಲದ್ದರಿಂದ ಉಳಿದ ಹೊತ್ತು ಭಜನೆಗೆ, ಪಾರಾಯಣಕ್ಕೆ, ರಾತ್ರಿಯ ಜಾಗರಣೆಗೆ. ರಾಯರ ಮನೆಯಲ್ಲಿ ಲೆಕ್ಕ ತಿರುವುಮುರುವು. ಮಕ್ಕಳಿಗೆ, ಸೊಸೆಗೆ ಎಂದಿನ ಅನ್ನ ಸಾರು ಆಗಲೇಬೇಕು, ಅದರ ಮೇಲೆ ರಾಯರ ಐದು ಹೊತ್ತಿನ ಉಪವಾಸ. ಮುಸುರೆ ತಾಗಬಾರದೆಂದು ಅವರ ಪಾತ್ರೆ ಬೇರೆ, ಸೌಟು ಬೇರೆ. ಮರುದಿನ ದ್ವಾದಶಿ ಬೆಳಗ್ಗೆಯೇ ಮುಗಿದುಹೋಗುವಂತಿದ್ದರೆ ಅಷ್ಟರೊಳಗೆ ಪಾರಣೆಯಾಗಬೇಕು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ, ಪಾಯಸ ಎಲ್ಲ ಸಿದ್ಧವಾಗಲು ಕುಕ್ಕರ್ ನಾಲ್ಕು ಗಂಟೆಗೇ ಕೂಗಬೇಕು. ರಾತ್ರಿ ಜಾಗರಣೆ ಮಾಡಬೇಕಾದವರು ಗೊರಕೆ ಹೊಡೆಯುತ್ತಿರುವಾಗ ಅಡುಗೆಮನೆಯಲ್ಲಿ ಎಚ್ಚರಿರುವವರು ಬೇರೆಯವರು. ಪುಣ್ಯವನ್ನು ಎಚ್ಚರದ ಲೆಕ್ಕದಲ್ಲಿ ಹಂಚುವುದಾದರೆ ಖಾತೆ ಯಾರ ಹೆಸರಿಗೆ ಹೋಗುತ್ತದೆ ಎಂಬುದನ್ನು ಯಾವ ಪಂಚಾಂಗವೂ ಬರೆದಿಲ್ಲ.

ಸೋಮಾರಿತನದಿಂದ ರಾಯರು ಹೀಗಾಗಿದ್ದಾರೆ ಎಂದೂ ಹೇಳಲಾಗದು, ಅದಕ್ಕೆ ಭೀಮನೇ ಸಾಕ್ಷಿ. ಹಸಿವು ತಡೆಯಲಾಗದ ಭೀಮನಿಗೆ ವ್ಯಾಸರು ಜ್ಯೇಷ್ಠ ಶುದ್ಧ ಏಕಾದಶಿ ಒಂದನ್ನು ನೀರೂ ಕುಡಿಯದೆ ಮಾಡಿದರೆ ವರ್ಷದ ಇಪ್ಪತ್ನಾಲ್ಕರ ಫಲವೂ ಬರುತ್ತದೆ ಎಂದರಂತೆ. ನಿರ್ಜಲ ಏಕಾದಶಿ ಎಂದು ಇಂದಿಗೂ ಅದು ನಡೆಯುತ್ತಿದೆ. ರಾಯರು ಮೈಗಳ್ಳರಾಗಿದ್ದರೆ ಈ ಸಗಟು ವ್ಯಾಪಾರಕ್ಕೆ ಎಂದೋ ಒಪ್ಪಿಕೊಳ್ಳುತ್ತಿದ್ದರು. ರಾಯರು ಚಿಲ್ಲರೆಯಾಗಿ ಇಪ್ಪತ್ನಾಲ್ಕನ್ನೂ ಬಿಡದೆ ಹಿಡಿದಿದ್ದಾರೆ. ಅಧಿಕ ಮಾಸ ಬಂದ ವರ್ಷ ಅದು ಇಪ್ಪತ್ತಾರಾಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ಕ್ಕೆ ಅಧಿಕ ಜ್ಯೇಷ್ಠ. ಇನ್ನೂ ಎರಡು ಏಕಾದಶಿ ಸಿಕ್ಕಿತು ಎಂದು ರಾಯರು ಹಿಗ್ಗುವ ಹೊತ್ತಿಗೆ ಅವರ ಹೆಂಡತಿ ಎರಡು ಕೆಜಿ ಗಟ್ಟಿ ಅವಲಕ್ಕಿಯನ್ನು ತಿಂಗಳ ಸಾಮಾನಿನ ಚೀಟಿಗೆ ಸೇರಿಸಿರುತ್ತಾರೆ. "ರೀ, ಆ ಭೀಮನ ಏಕಾದಶಿ ಒಂದನ್ನೇ ಮಾಡಿಬಿಡಬಾರದೇ? ಎಲ್ಲದರ ಪುಣ್ಯವೂ ಬರುತ್ತಂತಲ್ಲ" ಎಂದು ಆಕೆ ಕೇಳಿದರೆ ರಾಯರು ಪಂಚಾಂಗದಿಂದ ತಲೆಯೆತ್ತದೆ, "ಅದು ಕೈಲಾಗದವರಿಗೆ ಹೇಳಿದ್ದು ಕಣೇ. ನಮಗೇನು ಬಂದಿದೆ?" ಎನ್ನುತ್ತಾರೆ.