ಬಳಕೆಗೆ ಮುನ್ನ ಓದಿ

ಅಡಿಕೆ ಸುಲಿಯುವ ಯಂತ್ರ ತಂದರೆ ಜೊತೆಗೊಂದು ಕೈಪಿಡಿ ಬರುತ್ತದೆ. ಬುದ್ಧಿ ನಿಧಾನವಿರುವ ಮಗಳಿಗೆ ಇಪ್ಪತ್ತೆರಡು ತುಂಬಿ, ಒಂದು ದಿನ 'ನಂಗೂ ಪಾಪು ಬೇಕು' ಅಂದಾಗ ಮಾತ್ರ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಯಾವ ಅಂಗಡಿ ಹತ್ತಿಳಿದರೂ ಅಂಥದ್ದು ಸಿಗುವುದಿಲ್ಲ. ಅದಕ್ಕೇ ಇದು.

ಪೆಟ್ಟಿಗೆಯಲ್ಲಿ ಇರುವುದು: ಮಗಳು ಒಬ್ಬಳು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಒಂದು, ಸಲಹೆ ಕೊಡುವ ನೆಂಟರು ಬೇಕಾದಷ್ಟು. ಮಗಳ ಬದಲು ಮಗ ಬಂದಿದ್ದರೂ ಕೈಪಿಡಿ ಇದೇ. 'ಗಂಡಸಿಗೆ ಎಂತ ತೊಂದ್ರೆ' ಎಂಬ ಸ್ಟಿಕ್ಕರ್ ಕಿತ್ತು ಓದಿ.

ಜೋಡಣೆ: ಮೊದಲು ಸರ್ವನಾಮ ಬಿಗಿ ಮಾಡಿ. 'ಪಾಪ, ಅದಕ್ಕೆ ಎಂತ ಗೊತ್ತಾಗ್ತದೆ' ಅಂತ ದೊಡ್ಡಮ್ಮ ಹೇಳುವಾಗ ಅವಳು ಅದೇ ಜಗಲಿಯಲ್ಲಿ ಅಡಿಕೆ ಹೆಕ್ಕುತ್ತಿರುತ್ತಾಳೆ. ಕಿವಿ ಸರಿಯಾಗಿಯೇ ಇದೆ. (ಮಲೆನಾಡಲ್ಲಿ ಹೆಣ್ಣುಮಕ್ಕಳನ್ನು ಪ್ರೀತಿಗೂ 'ಅದು' ಅನ್ನುವುದುಂಟು. ಇಲ್ಲಿ ಆ ರಿಯಾಯಿತಿ ಇಲ್ಲ.)

ಎಚ್ಚರಿಕೆ: 'ಮದುವೆ ಮಾಡಿದ್ರೆ ಸರಿ ಹೋಗ್ತದೆ' ಎಂಬ ಗುಂಡಿ ಒತ್ತಬೇಡಿ, ಅದಕ್ಕೆ ವೈರೇ ಇಲ್ಲ. 'ಗರ್ಭಕೋಶ ತೆಗೆಸಿಬಿಡಿ, ಮುಟ್ಟಿನ ರಗಳೆಯೂ ತಪ್ತದೆ' ಎಂಬ ಗುಂಡಿಗೆ ಇದೆ. 1994ರಲ್ಲಿ ಪುಣೆಯಲ್ಲಿ, ಸರ್ಕಾರಿ ಆಶ್ರಯದಲ್ಲಿದ್ದ ಇಂಥ ಹುಡುಗಿಯರಿಗೆ ಹಾಗೇ ಮಾಡಿ ದೇಶವೆಲ್ಲ ಗದ್ದಲವಾಯಿತು. ಈಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿದೆ. ಅದರ 10ನೇ ಕಲಮಿನಂತೆ, ಅವಳು ತಿಳಿದು ಒಪ್ಪದೆ ಮಕ್ಕಳಾಗದಂಥ ಚಿಕಿತ್ಸೆ ಮಾಡುವಂತಿಲ್ಲ. ಅದಕ್ಕೂ ಮೊದಲು, ಚಂಡೀಗಢದ ಇಂಥದೇ ಒಬ್ಬ ಬಸುರಿ ಹುಡುಗಿಯ ಗರ್ಭ ತೆಗೆಸಲು ಹೈಕೋರ್ಟೇ ಹೇಳಿತ್ತು. ಅವಳು ಮಗು ಬೇಕೆಂದಳು, 2009ರಲ್ಲಿ ಸುಪ್ರೀಂ ಕೋರ್ಟ್ ಅವಳ ಮಾತನ್ನೇ ಉಳಿಸಿತು.

ಚಾಲನೆ: ಪಾಪುವಿನ ಮಾತನ್ನು ಕೊಟ್ಟಿಗೆಯಿಂದ ಶುರು ಮಾಡಿ. ಕರು ರಾತ್ರಿ ಎಷ್ಟು ಸಲ ಕೂಗಿತು? ಯಾರು ಎದ್ದರು? ಕರು ಹುಟ್ಟಿದ ದಿನವೇ ಎದ್ದು ನಿಲ್ಲುತ್ತದೆ, ಪಾಪು ನಿಲ್ಲಲು ವರ್ಷ ಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರ ಬರುವವರೆಗೆ ಕಾಯಿರಿ, ನಡುವೆ ನೀವೇ ಉತ್ತರಿಸಬೇಡಿ. ತಾಲೂಕು ಆಸ್ಪತ್ರೆಯಲ್ಲಿ ಮಾತ್ರೆ, ನಿರೋಧ್, ವಂಕಿ ತೋರಿಸಿದರೆ ಅವಳ ಕೈಗೇ ಕೊಡಿಸಿ. ತಿರುಗಿಸಿ ನೋಡಲಿ, ನಗಲಿ. 'ಬೇಕು' ಅಂದದ್ದನ್ನೂ 'ಬೇಡ' ಅಂದದ್ದನ್ನೂ ಕೊಯ್ಲು ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ಮನಸ್ಸು ಬದಲಾಗುವುದು ಅವಳೊಬ್ಬಳ ಕಾಯಿಲೆಯಲ್ಲ.

ದೋಷ: 'ನಾನು ಬೇಕಾ ಅಂತ ನಿನ್ನ ಯಾರು ಕೇಳಿದ್ರು ಅಮ್ಮ?' ಎಂದು ಅವಳೇ ತಿರುಗಿ ಕೇಳುತ್ತಾಳೆ.

ಪರಿಹಾರ: ನೆಂಟರನ್ನು ಊಟಕ್ಕೆ ಎಬ್ಬಿಸಿ. ಬಾಗಿಲು ಮುಂದೆ ಮಾಡಿ. ಉತ್ತರ ಹೇಳಿ.